ವಿದೇಶಿ ಅತಿಥಿಗಳ ಪ್ಲಗ್ ನಮ್ಮ ಸಾಕೆಟ್ಟಿಗೆ ಏಕೆ ಕೂರುವುದಿಲ್ಲ? ಹಳೆಯ ಮನೆಯ ವೈರಿಂಗ್ ಬದಲಿಸುವ ಮುನ್ನ ಒಂದು ಪ್ರಶ್ನೆ

ಕಕ್ಕಬ್ಬೆಯ ಹೋಂಸ್ಟೇಯವನು

ವೇದಿಕೆಯ ಹಿರಿಯರಿಗೆ ನಮಸ್ಕಾರ. ಕಕ್ಕಬ್ಬೆಯ ಸಮೀಪ ನಮ್ಮ ಅಜ್ಜ ಕಟ್ಟಿಸಿದ ಮನೆಯ ನಾಲ್ಕು ಕೋಣೆಗಳನ್ನು ಆರು ವರ್ಷಗಳಿಂದ ಹೋಂಸ್ಟೇಗೆ ಬಿಟ್ಟಿದ್ದೇನೆ. ಈ ಮಳೆಗಾಲ ಮುಗಿದ ಕೂಡಲೇ ಇಡೀ ಮನೆಯ ವೈರಿಂಗ್ ಬದಲಾಯಿಸಬೇಕೆಂದಿದ್ದೇನೆ. ಈಗಿರುವುದು ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ವೈರು. ಎರಡು ಕೋಣೆಗಳಲ್ಲಿ ಕಂದು ಬಣ್ಣದ ಬೇಕಲೈಟ್ ಟೂಪಿನ್ ಸಾಕೆಟ್‌ಗಳು ಇಂದಿಗೂ ಇವೆ. ಅವುಗಳಿಗೆ ಅರ್ಥಿಂಗ್ ಎಂಬುದೇ ಇಲ್ಲ.

ವಿದೇಶಿ ಅತಿಥಿಗಳು ಬಂದಾಗಲೆಲ್ಲ ಅಡಾಪ್ಟರ್ ಇದೆಯೇ ಎಂದು ಕೇಳುತ್ತಾರೆ. ಜರ್ಮನಿಯವರ ಪ್ಲಗ್ ಹೇಗೋ ಒಳಗೆ ಹೋಗುತ್ತದೆ, ಆದರೆ ಅಲ್ಲಾಡುತ್ತದೆ. ಅಮೆರಿಕದವರದ್ದು ಹೋಗುವುದೇ ಇಲ್ಲ. ಕಳೆದ ಪುತ್ತರಿಗೆ ಲಂಡನ್ನಿನಿಂದ ಬಂದಿದ್ದ ನನ್ನ ಚಿಕ್ಕಪ್ಪನ ಮಗಳು ನಮಗೆಂದು ಒಂದು ಒಳ್ಳೆಯ ಕೆಟಲ್ ತಂದಿದ್ದಳು. ಅದರ ಚೌಕ ಪಿನ್ನುಗಳನ್ನು ವಿಮಾನ ನಿಲ್ದಾಣದಲ್ಲಿ ಕೊಂಡ ಅಡಾಪ್ಟರ್‌ಗೆ ಸಿಕ್ಕಿಸಿ, ಅದನ್ನು ಊಟದ ಕೋಣೆಯ 5 ಆಂಪ್ ಸಾಕೆಟ್‌ಗೆ ಹಾಕಿದೆವು. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ಬೆಳಿಗ್ಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ನೋಡಿದರೆ ಸಾಕೆಟ್ಟಿನ ಮುಖ ಕರಗಿ ಅಡಾಪ್ಟರ್ ಅದಕ್ಕೇ ಅಂಟಿಕೊಂಡಿತ್ತು. ಸೋಜಿಗವೆಂದರೆ ಫ್ಯೂಸ್ ಹೋಗಿರಲಿಲ್ಲ, ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಯೂ ಬಿದ್ದಿರಲಿಲ್ಲ.

ಈಗ ನನ್ನ ಪ್ರಶ್ನೆಗಳು ಎರಡು. ಎಲ್ಲ ದೇಶಗಳ ಪಿನ್ನೂ ಹಿಡಿಯುತ್ತದೆಂದು ಅಂಗಡಿಯಲ್ಲಿ ತೋರಿಸುವ ಯೂನಿವರ್ಸಲ್ ಸಾಕೆಟ್‌ಗಳನ್ನು ನಾಲ್ಕೂ ಕೋಣೆಗೆ ಹಾಕಿಸಬಹುದೇ? ಮತ್ತು, ಕರೆಂಟು ಎಲ್ಲೆಡೆಯೂ ಕರೆಂಟೇ ಆಗಿರುವಾಗ ಪ್ಲಗ್ ಮಾತ್ರ ದೇಶಕ್ಕೊಂದು ಬಗೆ ಏಕಾಯಿತು?

ಕುಶಾಲನಗರದ ವೈರಿಂಗ್ ಕೆಲಸದವನು

ಅಣ್ಣ, ಯೂನಿವರ್ಸಲ್ ಸಾಕೆಟ್ ಹಾಕಿಸಬೇಡಿ. ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನಾನು ಅಂಥವನ್ನು ಕಿತ್ತುಹಾಕಿದ್ದೇ ಹೆಚ್ಚು. ದುಂಡು ಪಿನ್ನಿಗೂ ಚಪ್ಪಟೆ ಪಿನ್ನಿಗೂ ಒಂದೇ ತೂತು ಮಾಡಿದರೆ, ಒಳಗಿನ ಹಿತ್ತಾಳೆಯ ಪಟ್ಟಿ ಯಾವ ಪಿನ್ನನ್ನೂ ಗಟ್ಟಿಯಾಗಿ ಅಪ್ಪಿ ಹಿಡಿಯುವುದಿಲ್ಲ. ಹಿಡಿತ ಸಡಿಲವಾದಲ್ಲಿ ಕಿಡಿ ಹಾರುತ್ತದೆ, ಕಿಡಿ ಹಾರಿದಲ್ಲಿ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಅದರ ಮೇಲೆ ನಮ್ಮ ಕೊಡಗಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ಮನೆಗಳಲ್ಲಿ ಸಾಕೆಟ್ ಬಿಚ್ಚಿ ನೋಡಿದರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ.

ಜರ್ಮನಿಯವರ ಪ್ಲಗ್ ಅಲ್ಲಾಡುವುದಕ್ಕೂ ಕಾರಣವಿದೆ. ಅವರ ಸಣ್ಣ ಚಾರ್ಜರ್‌ಗಳ ಪಿನ್ 4 ಮಿಲಿಮೀಟರ್ ದಪ್ಪ, ದೊಡ್ಡ ಪ್ಲಗ್‌ಗಳದ್ದು 4.8. ನಮ್ಮ 5 ಆಂಪ್ ಪಿನ್ನು 5 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಪಿನ್ನುಗಳ ನಡುವಿನ ಅಂತರ ಎರಡರಲ್ಲೂ 19 ಮಿಲಿಮೀಟರ್ ಆಸುಪಾಸಿನಲ್ಲೇ ಇರುವುದರಿಂದ ಅದು ಒಳಗೇನೋ ಹೋಗುತ್ತದೆ, ಆದರೆ ಕೂರುವುದಿಲ್ಲ. ಮೊಬೈಲ್ ಚಾರ್ಜರ್ ಆದರೆ ಚಿಂತೆಯಿಲ್ಲ, ಇಸ್ತ್ರಿ ಪೆಟ್ಟಿಗೆಯಾದರೆ ಚಿಂತೆಯೇ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುವಷ್ಟು ಓದು ನನಗಿಲ್ಲ. ಅರ್ಥ್ ಪಿನ್ ದಪ್ಪವಾಗಿರುವುದು ಕರೆಂಟ್ ಬೇಗ ಭೂಮಿಗೆ ಇಳಿಯಲೆಂದು ಎಂಬಷ್ಟನ್ನು ಮಾತ್ರ ನನ್ನ ಗುರುಗಳು ಹೇಳಿಕೊಟ್ಟಿದ್ದರು.

ಮಡಿಕೇರಿಯ ನಿವೃತ್ತ ಉಪನ್ಯಾಸಕ

ಕುಶಾಲನಗರದ ಮಿತ್ರರ ಸಲಹೆ ಸಂಪೂರ್ಣ ಸರಿ. ಕೊನೆಯ ಮಾತನ್ನು ಮಾತ್ರ ತಿದ್ದಲು ಅನುಮತಿ ಕೊಡಲಿ. ಇದೇ ಉತ್ತರವನ್ನು ಪರೀಕ್ಷೆಯಲ್ಲಿ ಬರೆದ ನೂರಾರು ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ಆ ಗಿಡ್ಡ ಪಿನ್ನಿನ ದಪ್ಪದಿಂದ ಅರ್ಥಿಂಗ್ ದಾರಿಯ ರೋಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗುವುದಿಲ್ಲ. ಅದು ದಪ್ಪವಾಗಿರುವುದು ಅಪ್ಪಿತಪ್ಪಿಯೂ ಫೇಸ್‌ನ ತೂತಿಗೆ ಹೋಗಬಾರದೆಂದು. ಉದ್ದವಾಗಿರುವುದು ಪ್ಲಗ್ ಹಾಕುವಾಗ ಅರ್ಥ್ ಮೊದಲು ತಾಗಿ, ಕೀಳುವಾಗ ಕೊನೆಗೆ ಬಿಡಲೆಂದು.

ಈಗ ಕೆಟಲ್ಲಿನ ವಿಷಯ. ಎರಡೂ ಪ್ರಶ್ನೆಗಳಿಗೆ ಉತ್ತರ ಆ ಕರಗಿದ ಸಾಕೆಟ್ಟಿನಲ್ಲೇ ಇದೆ.

ಇಂಗ್ಲೆಂಡಿನ ಕೆಟಲ್‌ಗಳು ಸಾಮಾನ್ಯವಾಗಿ 3 ಕಿಲೋವಾಟ್‌ನವು. ನಮ್ಮ 230 ವೋಲ್ಟಿನಲ್ಲಿ ಅಂಥದ್ದು ಹನ್ನೆರಡು, ಹದಿಮೂರು ಆಂಪಿಯರ್ ಎಳೆಯುತ್ತದೆ. ನಾವು ಇಂದಿಗೂ ಬಾಯಿಮಾತಿನಲ್ಲಿ 5 ಆಂಪ್ ಎನ್ನುವ ಸಾಕೆಟ್ ಭಾರತೀಯ ಮಾನಕ ಐಎಸ್ 1293ರ ಪ್ರಕಾರ 6 ಆಂಪಿಯರ್‌ನದು, ಅಂದರೆ 1,380 ವಾಟ್‌ನವರೆಗೆ ಮಾತ್ರ ತಡೆಯಬಲ್ಲದು. ಅದರ ಎರಡು ಪಟ್ಟು ಕರೆಂಟು ಅದರ ಮೂಲಕ ಹರಿಯಿತು. ಇಂಗ್ಲೆಂಡಿನ ಪ್ಲಗ್‌ನೊಳಗೆ ಒಂದು ಪುಟ್ಟ ಫ್ಯೂಸ್ ಇರುತ್ತದೆ. ಅದು 13 ಆಂಪಿಯರ್‌ನದು, ಆದ್ದರಿಂದ ಅದಕ್ಕೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಮ್ಮ ಎಂಸಿಬಿ ಬಹುಶಃ 16 ಆಂಪಿಯರ್‌ನದು ಇರಬೇಕು. ಅದಕ್ಕೂ ತಪ್ಪು ಕಾಣಲಿಲ್ಲ. ಎರಡೂ ಕಡೆಯ ಕಾವಲುಗಾರರು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದರು, ನಡುವೆ ಸಿಕ್ಕ ಸಾಕೆಟ್ ಬೆಂದುಹೋಯಿತು. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ಆ ಪಿನ್ನಿನ ಹಿಂದೆ ಇಂಗ್ಲೆಂಡಿನ ಗೋಡೆಯೊಳಗೆ ಏನಿತ್ತೋ ಅದನ್ನು ಅಡಾಪ್ಟರ್ ನಿಮ್ಮ ಗೋಡೆಗೆ ತಂದುಕೊಡುವುದಿಲ್ಲ.

ಆ ಗೋಡೆಯೊಳಗೆ ಏನಿತ್ತು ಎಂಬುದನ್ನು ಹೇಳುತ್ತೇನೆ. ನಮ್ಮ ದುಂಡು ಮೂರು ಪಿನ್ನು ಮೂಲದಲ್ಲಿ ಇಂಗ್ಲೆಂಡಿನದೇ. 1934ರ ಬಿಎಸ್ 546 ಎಂಬ ಬ್ರಿಟಿಷ್ ಮಾನಕದಲ್ಲಿ 2, 5, 15 ಮತ್ತು 30 ಆಂಪಿಯರ್‌ಗಳಿಗೆ ನಾಲ್ಕು ಅಳತೆಯ ಪ್ಲಗ್‌ಗಳಿದ್ದವು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಯುದ್ಧ ಮುಗಿದ ಮೇಲೆ ಕಟ್ಟಬೇಕಾದ ಮನೆಗಳ ವೈರಿಂಗ್ ಹೇಗಿರಬೇಕೆಂದು ಯೋಚಿಸಲು ಅಲ್ಲೊಂದು ಸಮಿತಿ ಕೂತಿತು. ಅದರಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್; ಮಕ್ಕಳು ಸಾಕೆಟ್ಟಿಗೆ ಏನನ್ನಾದರೂ ತೂರಿಸದಂತೆ ಒಳಗೆ ಮುಚ್ಚಳವಿರಬೇಕೆಂಬ ವಿಚಾರದ ಜೊತೆಗೆ ಅವರ ಹೆಸರು ಸೇರಿಕೊಂಡಿದೆ. ಆಗ ತಾಮ್ರದ ಅಭಾವ ವಿಪರೀತವಾಗಿತ್ತು. ಪ್ರತಿ ಸಾಕೆಟ್ಟಿಗೂ ಫ್ಯೂಸ್ ಬೋರ್ಡ್‌ನಿಂದ ಬೇರೆ ಬೇರೆ ವೈರು ಎಳೆಯುವುದರ ಬದಲು, ಬೋರ್ಡ್‌ನಿಂದ ಹೊರಟು ಸಾಕೆಟ್‌ಗಳನ್ನೆಲ್ಲ ಸುತ್ತಿ ಮತ್ತೆ ಬೋರ್ಡಿಗೇ ಮರಳುವ ಒಂದು ಉಂಗುರದಂಥ ವೈರಿಂಗನ್ನು ಅವರು ಆರಿಸಿಕೊಂಡರು. ಆ ಉಂಗುರಕ್ಕೆ ಬೋರ್ಡಿನಲ್ಲಿ 30 ಆಂಪಿಯರ್‌ನ ಒಂದೇ ಫ್ಯೂಸ್. ಮೇಜಿನ ದೀಪದ ಸಣ್ಣ ವೈರು ಶಾರ್ಟ್ ಆದರೆ 30 ಆಂಪಿಯರ್‌ನ ಫ್ಯೂಸ್ ಹೋಗುವುದರೊಳಗೆ ಆ ವೈರಿಗೇ ಬೆಂಕಿ ಹತ್ತಬಹುದು. ಆದಕಾರಣ ಪ್ರತಿ ಪ್ಲಗ್‌ನೊಳಗೂ ಅದರದೇ ಫ್ಯೂಸ್ ಇಡಬೇಕಾಯಿತು. ಫ್ಯೂಸ್ ಇಲ್ಲದ ಹಳೆಯ ಪ್ಲಗ್ ಹೊಸ ಸಾಕೆಟ್ಟಿಗೆ ಹೋಗಲೇಬಾರದಲ್ಲ. ಅದಕ್ಕೆ ಪಿನ್ನು ದುಂಡಿನಿಂದ ಚೌಕವಾಯಿತು. ಆ ಮಾನಕವೇ ಬಿಎಸ್ 1363. ಅದು ಪ್ರಕಟವಾದದ್ದು 1947ರಲ್ಲಿ.

ವರ್ಷವನ್ನು ಗಮನಿಸಿ. ಇಂಗ್ಲೆಂಡ್ ದುಂಡು ಪಿನ್ನನ್ನು ಬಿಡಲಾರಂಭಿಸಿದ ವರ್ಷವೇ ಅವರು ನಮ್ಮನ್ನು ಬಿಟ್ಟುಹೋದ ವರ್ಷ. ಅವರ ಹಳೆಯ ಪಿನ್ನು ನಮ್ಮಲ್ಲಿ ಉಳಿಯಿತು.

ನಾಪೋಕ್ಲುವಿನವನು, ಈಗ ದುಬೈ

ಉಪನ್ಯಾಸಕರ ಮಾತು ಓದಿದ ಮೇಲೆ ನನ್ನ ಹನ್ನೊಂದು ವರ್ಷಗಳ ಗೊಂದಲವೊಂದು ತಿಳಿಯಾಯಿತು. ಇಲ್ಲಿ ದುಬೈಯಲ್ಲಿಯೂ ಇಂಗ್ಲೆಂಡಿನ ಚೌಕ ಪಿನ್ನೇ ಇದೆ; ಕತಾರ್, ಕುವೈತ್, ಒಮಾನ್‌ಗಳಲ್ಲಿಯೂ ಅದೇ. ಇಂಗ್ಲೆಂಡಿನ ನಂಟಿದ್ದ ದೇಶಗಳಲ್ಲೇ ಕೆಲವಕ್ಕೆ ದುಂಡು, ಕೆಲವಕ್ಕೆ ಚೌಕ ಏಕೆ ಎಂದು ಯೋಚಿಸುತ್ತಿದ್ದೆ. ಯಾವ ಊರಿಗೆ ಕರೆಂಟು ಯಾವಾಗ ಬಂತು ಎಂಬುದರ ಮೇಲೆ ಅದು ನಿಂತಿದೆ ಎಂದಾಯಿತು. ಮೊದಲೇ ಬಂದಲ್ಲಿ ಹಳೆಯದು, ತಡವಾಗಿ ಬಂದಲ್ಲಿ ಹೊಸದು.

ರಜೆಗೆ ಬರುವಾಗ ಇಲ್ಲಿಂದ ಇಸ್ತ್ರಿ ಪೆಟ್ಟಿಗೆ, ಏರ್ ಫ್ರೈಯರ್ ತರುವವರು ನಮ್ಮಲ್ಲಿ ಬಹಳ. ಮನೆಗೆ ಬಂದ ಮೇಲೆ ಅದರ ಪ್ಲಗ್ ಕತ್ತರಿಸಿ ನಮ್ಮ ತ್ರೀಪಿನ್ ಹಾಕಿಸುತ್ತೇವೆ. ಇದರಲ್ಲಿ ತಪ್ಪಿದೆಯೇ?

ಕುಶಾಲನಗರದ ವೈರಿಂಗ್ ಕೆಲಸದವನು

ಅಡಾಪ್ಟರ್‌ಗಿಂತ ಅದೇ ಮೇಲು, ಆದರೆ ಹಾಕುವ ಪ್ಲಗ್ ಯಾವುದೆಂದು ನೋಡಬೇಕು. ಯಂತ್ರದ ತಳದಲ್ಲಿ ವಾಟ್ ಎಷ್ಟೆಂದು ಬರೆದಿರುತ್ತದೆ. 1,300 ವಾಟ್ ದಾಟಿದರೆ ದೊಡ್ಡ ಪಿನ್ನಿನ 16 ಆಂಪ್ ಪ್ಲಗ್ಗನ್ನೇ ಹಾಕಿಸಿ, ಪವರ್ ಸಾಕೆಟ್ಟಿಗೇ ಸಿಕ್ಕಿಸಿ. ಹಸಿರು ಹಳದಿ ಪಟ್ಟೆಯ ವೈರು ಅರ್ಥ್, ಕಂದು ಫೇಸ್, ನೀಲಿ ನ್ಯೂಟ್ರಲ್. ಗಲ್ಫ್‌ನಿಂದ ತಂದ ಪೆಟ್ಟಿಗೆಯ ಅರ್ಥ್ ವೈರನ್ನು ಹಾಗೇ ಕತ್ತರಿಸಿ ಬಿಟ್ಟು ಟೂಪಿನ್ ಹಾಕಿಕೊಟ್ಟಿರುವುದನ್ನು ನಾನೇ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಶಾಕ್ ಹೊಡೆದ ಮೇಲೆಯೇ ನನ್ನನ್ನು ಕರೆಯುತ್ತಾರೆ.

ಉಪನ್ಯಾಸಕರಿಗೆ ಧನ್ಯವಾದ. ದಪ್ಪ ಪಿನ್ನಿನ ಕಾರಣವನ್ನು ನನ್ನ ಹುಡುಗರಿಗೂ ತಿದ್ದಿ ಹೇಳಿದ್ದೇನೆ.

ಸುಂಟಿಕೊಪ್ಪದ ಬೆಳೆಗಾರ

ಇಷ್ಟೆಲ್ಲ ಓದಿದ ಮೇಲೂ ನನಗೆ ಒಂದು ಸಂಶಯ ಉಳಿದಿದೆ. ಕಾಫಿಯನ್ನು ಇಲ್ಲಿಂದ ಇಟಲಿಗೆ ಕಳುಹಿಸುವಾಗ ಜರಡಿಯ ಅಳತೆಯಿಂದ ಹಿಡಿದು ತೇವಾಂಶದವರೆಗೆ ಎಲ್ಲದಕ್ಕೂ ಜಗತ್ತೆಲ್ಲ ಒಪ್ಪಿದ ಲೆಕ್ಕವಿದೆ. ಒಂದು ಪ್ಲಗ್ಗಿಗೆ ಏಕಿಲ್ಲ? ತಮ್ಮ ಸರಕಷ್ಟೇ ಮಾರಾಟವಾಗಲಿ ಎಂಬ ಕಂಪನಿಗಳ ಸ್ವಾರ್ಥವೇ ಇದರ ಮೂಲ ಎಂದು ನನ್ನ ಅನಿಸಿಕೆ.

ಮಡಿಕೇರಿಯ ನಿವೃತ್ತ ಉಪನ್ಯಾಸಕ

ಸ್ವಾರ್ಥ ಇಲ್ಲವೆನ್ನಲಾರೆ, ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಮನೆಗೆ ಕರೆಂಟು ಬಂದದ್ದು ದೀಪಕ್ಕಾಗಿ ಮಾತ್ರ. ಪ್ಲಗ್ ಸಿಕ್ಕಿಸುವಂಥ ವಸ್ತುವೇ ಆಗ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ, ಫ್ಯಾನು ಮೊದಲಾದವು ಬಂದಾಗ ಜನ ಬಲ್ಬು ತೆಗೆದು ಆ ಹೋಲ್ಡರ್‌ಗೇ ವೈರು ಜೋಡಿಸುತ್ತಿದ್ದರು. ಅಮೆರಿಕದ ಹಾರ್ವೆ ಹಬ್ಬೆಲ್ 1904ರಲ್ಲಿ ಪೇಟೆಂಟ್ ಪಡೆದ ಪ್ಲಗ್ ಕೂಡ ಬಲ್ಬಿನ ಹೋಲ್ಡರ್‌ಗೆ ತಿರುಗಿಸಿ ಕೂರಿಸುವ ಒಂದು ತುಂಡು ಮತ್ತು ಅದರಿಂದ ಎಳೆದು ತೆಗೆಯಬಹುದಾದ ಇನ್ನೊಂದು ತುಂಡು, ಅಷ್ಟೇ. ಆ ಹೊತ್ತಿಗೆ ಪ್ಲಗ್ ಎಂಬುದು ನೆರೆಯ ಊರಿಗೂ ಸಂಬಂಧಿಸಿದ್ದಲ್ಲ, ದೇಶಾಂತರದ ಮಾತು ದೂರವೇ ಉಳಿಯಿತು. ಇಸ್ತ್ರಿ ಪೆಟ್ಟಿಗೆ ಹೊತ್ತು ಹಡಗು ಹತ್ತುವವರು ಯಾರಿದ್ದರು?

ವೋಲ್ಟೇಜಿನ ಕಥೆಯೂ ಹೀಗೆಯೇ. ಎಡಿಸನ್ನನ ಇಂಗಾಲದ ತಂತಿಯ ದೀಪಗಳಿಗೆ 100ರಿಂದ 110 ವೋಲ್ಟ್ ಹೊಂದುತ್ತಿತ್ತು, ಅಮೆರಿಕ ಅದರ ಸುತ್ತಮುತ್ತಲೇ ನಿಂತಿತು. ಇಂದು ಅಲ್ಲಿ 120 ವೋಲ್ಟ್. ಯುರೋಪಿನ ವಿದ್ಯುತ್ ಕಂಪನಿಗಳು ವೋಲ್ಟೇಜನ್ನು ದುಪ್ಪಟ್ಟು ಮಾಡಿದರೆ ಅದೇ ತಾಮ್ರದಲ್ಲಿ ದುಪ್ಪಟ್ಟು ಶಕ್ತಿ ಕಳಿಸಬಹುದೆಂದು 220ಕ್ಕೆ ಹೋದವು. ಇದರಿಂದಾಗಿಯೇ ಅಮೆರಿಕದ 15 ಆಂಪಿಯರ್ ಸಾಕೆಟ್ 1,800 ವಾಟ್ ಕೊಟ್ಟರೆ ನಮ್ಮ 16 ಆಂಪಿಯರ್‌ನದು 3,680 ವಾಟ್ ಕೊಡುತ್ತದೆ. ಅಲ್ಲಿ ಕೆಟಲ್ಲಿನಲ್ಲಿ ನೀರು ಕುದಿಯಲು ಇಂಗ್ಲೆಂಡಿಗಿಂತ ಹೆಚ್ಚು ಹೊತ್ತು ಕಾಯಬೇಕು.

ಜಪಾನಿನದ್ದು ಇನ್ನೂ ಸ್ವಾರಸ್ಯ. ಟೋಕಿಯೋದವರು 1895ರಲ್ಲಿ ಜರ್ಮನಿಯ ಎಇಜಿ ಕಂಪನಿಯ 50 ಹರ್ಟ್ಜ್ (ಎಂದರೆ ಸೆಕೆಂಡಿಗೆ 50 ಸಲ ಆವರ್ತಿಸುವ ಕರೆಂಟಿನ) ಯಂತ್ರಗಳನ್ನು ಕೊಂಡರು, ಒಸಾಕಾದವರು ಮರುವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ 60 ಹರ್ಟ್ಜ್ ಯಂತ್ರಗಳನ್ನು ಕೊಂಡರು. ಒಂದೇ ದೇಶ, ಒಂದೇ ಬಗೆಯ ಪ್ಲಗ್, ಆದರೆ ಪೂರ್ವಾರ್ಧದಲ್ಲಿ 50, ಪಶ್ಚಿಮಾರ್ಧದಲ್ಲಿ 60 ಹರ್ಟ್ಜ್ ಇಂದಿಗೂ ನಡೆಯುತ್ತಿದೆ.

ಅರ್ಥಿಂಗ್ ಬೇಕೆಂದು ಎಲ್ಲರಿಗೂ ಹೊಳೆದದ್ದು ತಡವಾಗಿ, ಹೊಳೆದ ಮೇಲೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಇಂಗ್ಲೆಂಡಿನವರು ಮೂರನೆಯ ಪಿನ್ನು ಸೇರಿಸಿದರು. ಜರ್ಮನಿಯ ಬವೇರಿಯಾದಲ್ಲಿ ಆಲ್ಬರ್ಟ್ ಬ್ಯೂಟ್ನರ್ 1926ರ ತನ್ನ ಪೇಟೆಂಟಿನಲ್ಲಿ ಸಾಕೆಟ್ಟಿನ ಅಂಚಿನಲ್ಲಿ ಎರಡು ಲೋಹದ ಪಟ್ಟಿಗಳನ್ನಿಟ್ಟು ಪ್ಲಗ್ಗಿನ ಪಕ್ಕೆಗೆ ಅರ್ಥ್ ತಾಗುವಂತೆ ಮಾಡಿದ; ಅದಕ್ಕೇ ಶೂಕೋ ಎನ್ನುತ್ತಾರೆ. ಫ್ರಾನ್ಸಿನವರು ಅರ್ಥ್ ಪಿನ್ನನ್ನು ಸಾಕೆಟ್ಟಿನಿಂದಲೇ ಹೊರಚಾಚುವಂತೆ ಮಾಡಿದರು. ಹೋಂಸ್ಟೇಯ ಮಿತ್ರರು ಇದನ್ನು ಮರೆಯಬಾರದು: ನಿಮ್ಮ ಜರ್ಮನ್ ಅತಿಥಿಯ ಪ್ಲಗ್ ನಮ್ಮ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಹೋಯಿತೆಂದರೆ, ಫೇಸ್ ಮತ್ತು ನ್ಯೂಟ್ರಲ್ ಮಾತ್ರ ಸಿಕ್ಕಿವೆ ಎಂದರ್ಥ. ಅದರ ಅರ್ಥ್ ಪಕ್ಕೆಯಲ್ಲಿದೆ, ನಮ್ಮದು ಮೇಲಿನ ತೂತಿನಲ್ಲಿದೆ; ಎರಡೂ ಭೇಟಿಯಾಗುವುದೇ ಇಲ್ಲ. ಯಂತ್ರ ನಡೆಯುತ್ತದೆ, ರಕ್ಷಣೆ ಇರುವುದಿಲ್ಲ.

ಇಟಲಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಬೆಳಕಿನ ಕರೆಂಟಿಗೂ ಯಂತ್ರಗಳ ಕರೆಂಟಿಗೂ ಒಂದು ಕಾಲದಲ್ಲಿ ಬೇರೆ ಬೇರೆ ದರ, ಬೇರೆ ಬೇರೆ ಮೀಟರ್. ಅಗ್ಗದ ಕರೆಂಟಿನಲ್ಲಿ ದೀಪ ಉರಿಸದಂತೆ ಎರಡಕ್ಕೂ ಬೇರೆ ಅಳತೆಯ ಪ್ಲಗ್. ದರದ ವ್ಯತ್ಯಾಸ ಹೋಗಿ ದಶಕಗಳಾದರೂ 10 ಮತ್ತು 16 ಆಂಪಿಯರ್‌ನ ಎರಡು ಅಳತೆಗಳು ಅಲ್ಲಿ ಉಳಿದೇ ಇವೆ.

ವಿರಾಜಪೇಟೆಯ ಮಾಜಿ ಸೈನಿಕ

ಉಪನ್ಯಾಸಕರ ಇಟಲಿಯ ಮಾತು ನನಗೆ ನಮ್ಮ ಬೆಂಗಳೂರನ್ನೇ ನೆನಪಿಸಿತು. ಸೇನೆಯಿಂದ ರಜೆಗೆ ಬಂದಾಗ ನಾನು ಉಳಿಯುತ್ತಿದ್ದ ಮಾವನವರ ಬಾಡಿಗೆ ಮನೆಯಲ್ಲಿ ಲೈಟಿಂಗಿಗೊಂದು, ಹೀಟಿಂಗಿಗೊಂದು ಎಂದು ಎರಡು ಮೀಟರ್‌ಗಳಿದ್ದವು. ಹೀಟಿಂಗಿನ ಸಾಕೆಟ್ಟಿಗೆ ಟೇಬಲ್ ದೀಪ ಸಿಕ್ಕಿಸಿದ್ದಕ್ಕೆ ಮಾವನವರಿಂದ ಬೈಸಿಕೊಂಡಿದ್ದೇನೆ. ಕೆಇಬಿ ಕಾಲದ ಬಿಲ್ಲಿನಲ್ಲಿ ಎಇಎಚ್ ಎಂದು ಬರೆದಿರುತ್ತಿದ್ದುದು, ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುವ ಮನೆ ಎಂಬುದನ್ನು ಸೂಚಿಸಲು, ಹಿರಿಯರಿಗೆ ನೆನಪಿರಬಹುದು.

ಹೋಲ್ಡರ್‌ಗೆ ಇಸ್ತ್ರಿ ಪೆಟ್ಟಿಗೆ ಜೋಡಿಸುವ ಕೆಲಸವನ್ನು ನಾವು ತೋಟದ ಮನೆಯಲ್ಲಿ ಮಾಡಿದ್ದೇವೆ. ಪೆಟ್ಟಿಗೆ ಎಳೆದಂತೆಲ್ಲ ತಲೆಯ ಮೇಲೆ ವೈರು ತೂಗಾಡುತ್ತಿತ್ತು. ನಮ್ಮದು ಒತ್ತಿ ತಿರುಗಿಸುವ ಪಿನ್ ಹೋಲ್ಡರ್, ಅದೂ ಇಂಗ್ಲೆಂಡಿನ ಕೊಡುಗೆಯೇ. ಅಮೆರಿಕದ್ದು ಥ್ರೆಡ್ ಹೋಲ್ಡರ್.

ಒಂದು ಪ್ರಶ್ನೆ. ನಮ್ಮ ತಲಕಾವೇರಿಯ ನೀರೇ ಶಿವನಸಮುದ್ರದಲ್ಲಿ ಬಿದ್ದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟಾಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಅಲ್ಲಿ ಕೂರಿಸಿದ್ದು ಜನರಲ್ ಎಲೆಕ್ಟ್ರಿಕ್‌ನ ಯಂತ್ರಗಳು ಎಂದು ಓದಿದ್ದೇನೆ. ಯಂತ್ರ ಅಮೆರಿಕದ್ದಾದರೆ ಪ್ಲಗ್ ಏಕೆ ಅಮೆರಿಕದ್ದಾಗಲಿಲ್ಲ?

ಮಡಿಕೇರಿಯ ನಿವೃತ್ತ ಉಪನ್ಯಾಸಕ

ಒಳ್ಳೆಯ ಪ್ರಶ್ನೆ. ಗಣಿಯ ಯಂತ್ರಗಳನ್ನು ಯಾರೂ ಪ್ಲಗ್ ಹಾಕಿ ನಡೆಸುವುದಿಲ್ಲ. ವೈರನ್ನು ನೇರವಾಗಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕರೆಂಟನ್ನು ಹುಟ್ಟಿಸುವವನು ಪ್ಲಗ್ಗನ್ನು ತೀರ್ಮಾನಿಸುವುದಿಲ್ಲ. ಮನೆಯೊಳಗೆ ಬೋರ್ಡು, ಸ್ವಿಚ್ಚು, ವೈರು ತಂದು ಮಾರುವವನು ಮತ್ತು ಅದನ್ನು ಜೋಡಿಸುವ ನಿಯಮ ಬರೆದವನು ತೀರ್ಮಾನಿಸುತ್ತಾನೆ. ನಮ್ಮಲ್ಲಿ ಆ ಸರಕೂ ನಿಯಮವೂ ಇಂಗ್ಲೆಂಡಿನವೇ ಆಗಿದ್ದವು. ಪ್ರತಿ ಸಾಕೆಟ್ಟಿನ ಪಕ್ಕದಲ್ಲೂ ಒಂದು ಸ್ವಿಚ್ ಇರಬೇಕೆಂಬ ನಮ್ಮ ರೂಢಿಯೂ ಆ ಕಡೆಯದೇ. ಅಮೆರಿಕಕ್ಕೆ ಹೋದ ನಮ್ಮವರು ಗೋಡೆಯ ಸಾಕೆಟ್ಟಿಗೆ ಸ್ವಿಚ್ಚೇ ಇಲ್ಲವೆಂದು ಬೆರಗಾಗುತ್ತಾರೆ.

ಗೋಣಿಕೊಪ್ಪದ ಅಕ್ಕ

ಬೆರಗಾದವರಲ್ಲಿ ನಾನೂ ಒಬ್ಬಳು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವಾಗ ಇಲ್ಲಿನ ಟೇಬಲ್ ಟಾಪ್ ಗ್ರೈಂಡರ್ ಒಯ್ದಿದ್ದೆ. ಅಳಿಯ ಪಿನ್ನಿನ ಅಡಾಪ್ಟರ್ ತಂದುಕೊಟ್ಟರು. ಗ್ರೈಂಡರ್ ಗುಂಯ್ ಎಂದಿತು, ಕಲ್ಲು ತಿರುಗಲಿಲ್ಲ. ಆಮೇಲೆ ಒಂದು ಭಾರದ ಟ್ರಾನ್ಸ್‌ಫಾರ್ಮರ್ ತಂದರು. ಈ ಸಲ ತಿರುಗಿತು, ಆದರೆ ಊರಿನಲ್ಲಿ ತಿರುಗುವುದಕ್ಕಿಂತ ವೇಗವಾಗಿ ತಿರುಗಿ ಹಿಟ್ಟು ಬಿಸಿಯಾಗುತ್ತಿತ್ತು. ವೋಲ್ಟೇಜ್ ಸರಿಮಾಡಿದ ಮೇಲೂ ಹೀಗೇಕೆ ಎಂದು ಯಾರೂ ವಿವರಿಸಲಿಲ್ಲ. ಕಡುಬಿನ ತರಿಗೇನೂ ತೊಂದರೆಯಾಗಲಿಲ್ಲ, ಅದು ಬೇರೆ ಮಾತು.

ಮಡಿಕೇರಿಯ ನಿವೃತ್ತ ಉಪನ್ಯಾಸಕ

ಅಕ್ಕ, ಟ್ರಾನ್ಸ್‌ಫಾರ್ಮರ್ 120 ವೋಲ್ಟನ್ನು 230 ಮಾಡುತ್ತದೆ, ಆದರೆ 60 ಹರ್ಟ್ಜನ್ನು 50 ಮಾಡಲಾರದು. ಗ್ರೈಂಡರಿನ ಇಂಡಕ್ಷನ್ ಮೋಟರ್ ಸುತ್ತುವ ವೇಗ ಹರ್ಟ್ಜನ್ನು ಅನುಸರಿಸುತ್ತದೆ. ಅದಕ್ಕೇ ಶೇಕಡ 20ರಷ್ಟು ಹೆಚ್ಚು ವೇಗವಾಗಿ ತಿರುಗಿತು. ಮಿಕ್ಸಿಯ ಮೋಟರ್ ಬೇರೆ ಜಾತಿಯದು, ಬ್ರಷ್ ಇರುವಂಥದ್ದು. ಅದಕ್ಕೆ ಹರ್ಟ್ಜಿನ ಗೊಡವೆ ಅಷ್ಟಿಲ್ಲ.

ಇದರ ತಲೆಕೆಳಗಾದ ಅಪಾಯ ಹೋಂಸ್ಟೇಗೆ ಸಂಬಂಧಿಸಿದ್ದು. ಅಮೆರಿಕದ ಅತಿಥಿಯ ಕೂದಲು ಒಣಗಿಸುವ ಯಂತ್ರ 120 ವೋಲ್ಟಿಗೆ ಮಾತ್ರ ಮಾಡಿದ್ದಾದರೆ, ನಮ್ಮ 230 ವೋಲ್ಟಿನಲ್ಲಿ ಅದು ಸುಮಾರು ಮೂರೂಮುಕ್ಕಾಲು ಪಟ್ಟು ಶಕ್ತಿ ಎಳೆಯಲು ಹೊರಡುತ್ತದೆ, ಏಕೆಂದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಿನ್ನಿನ ಆಕಾರ ಬೇರೆಯಾಗಿರುವುದು ಇಂಥಲ್ಲಿ ಉಪಕಾರವೇ. ಅಡಾಪ್ಟರ್ ಅದನ್ನು ಇಲ್ಲವಾಗಿಸುತ್ತದೆ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಜ್ ಎಂದು ಅಚ್ಚಾಗಿರುತ್ತದೆ. ಹಾಗೆ ಬರೆದಿದ್ದರೆ ನಿಶ್ಚಿಂತೆ.

ಸುಂಟಿಕೊಪ್ಪದ ಬೆಳೆಗಾರ

ಹಾಗಾದರೆ ಈಗಲಾದರೂ ಎಲ್ಲರೂ ಸೇರಿ ಒಂದಕ್ಕೆ ಬರಲು ಯಾರೂ ಪ್ರಯತ್ನಿಸಲಿಲ್ಲವೇ? ನನ್ನ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ ಸಿಕ್ಕಿದೆ.

ಮಡಿಕೇರಿಯ ನಿವೃತ್ತ ಉಪನ್ಯಾಸಕ

ಪ್ರಯತ್ನಿಸಿದರು. ವಿದ್ಯುತ್ ಮಾನಕಗಳಿಗೆಂದೇ ಇರುವ ಅಂತರರಾಷ್ಟ್ರೀಯ ಆಯೋಗ, ಐಇಸಿ, 1906ರಲ್ಲೇ ಲಂಡನ್ನಿನಲ್ಲಿ ಹುಟ್ಟಿತು. ಲಾರ್ಡ್ ಕೆಲ್ವಿನ್ ಅದರ ಮೊದಲ ಅಧ್ಯಕ್ಷರು. ಬಹಳ ತಡವಾಗಿ, 1986ರಲ್ಲಿ, ಜಗತ್ತಿಗೆಲ್ಲ ಒಂದೇ ಎಂಬ ಪ್ಲಗ್ಗಿನ ಮಾನಕವನ್ನು ಅದು ಪ್ರಕಟಿಸಿತು. ಅದನ್ನು ನಿಜಕ್ಕೂ ಮೈಮೇಲೆ ಹಾಕಿಕೊಂಡ ದೊಡ್ಡ ದೇಶ ಬ್ರೆಜಿಲ್. ದಕ್ಷಿಣ ಆಫ್ರಿಕಾ ನಮ್ಮ 15 ಆಂಪ್ ಪಿನ್ನಿನಿಂದ ನಿಧಾನವಾಗಿ ಅದರತ್ತ ಸರಿಯುತ್ತಿದೆ. ಬ್ರೆಜಿಲ್‌ನಲ್ಲಿಯೂ ಕೆಲವೆಡೆ 127, ಕೆಲವೆಡೆ 220 ವೋಲ್ಟ್ ಇರುವುದರಿಂದ, ಒಂದೇ ಪ್ಲಗ್ ಬಂದ ಮೇಲೂ ವೋಲ್ಟೇಜ್ ಕೇಳಿಯೇ ಸಿಕ್ಕಿಸಬೇಕು. ಯುರೋಪಿನವರು 1990ರ ದಶಕದಲ್ಲಿ ತಮ್ಮೊಳಗೊಂದು ಸಮಾನ ಪ್ಲಗ್ ತರಲು ಹೊರಟು ಕೈಬಿಟ್ಟರು. ನಮ್ಮ ನೆರೆಯ ಶ್ರೀಲಂಕಾ ಕಳೆದ ದಶಕದಲ್ಲಿ ದುಂಡು ಪಿನ್ನನ್ನು ಬಿಟ್ಟು ಚೌಕ ಪಿನ್ನನ್ನೇ ರಾಷ್ಟ್ರೀಯ ಮಾನಕವಾಗಿ ಆರಿಸಿಕೊಂಡಿತು. ಐಇಸಿಯ ಪಟ್ಟಿಯಲ್ಲಿ ಇಂದಿಗೂ ಎ ಇಂದ ಒ ವರೆಗೆ ಹದಿನೈದು ಮಾದರಿಗಳಿವೆ. ನಮ್ಮವು ಅದರಲ್ಲಿ ಡಿ ಮತ್ತು ಎಂ.

ಕಾಫಿಯ ಜರಡಿಯನ್ನು ಬದಲಿಸಲು ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಹೇಳಿದರೆ ಸಾಕು, ಮುಂದಿನ ಫಸಲು ಹೊಸ ಅಳತೆಯಲ್ಲಿ ಹೊರಡುತ್ತದೆ. ಪ್ಲಗ್ ಬದಲಿಸಲು ದೇಶದ ಪ್ರತಿ ಮನೆಯ ಪ್ರತಿ ಗೋಡೆಯನ್ನೂ ಕೆದಕಬೇಕು. ಹಳೆಯದೂ ಹೊಸದೂ ಇಪ್ಪತ್ತು ಮೂವತ್ತು ವರ್ಷ ಜೊತೆಗಿರಬೇಕು. ಆ ಅವಧಿಯಲ್ಲಿ ಮನೆಮನೆಯಲ್ಲೂ ಅಡಾಪ್ಟರ್ ಇರಬೇಕು. ಸುರಕ್ಷತೆಗೆಂದು ಆರಂಭಿಸಿದ ಬದಲಾವಣೆ ಅಷ್ಟು ಕಾಲ ಅಪಾಯವನ್ನೇ ಹೆಚ್ಚಿಸುತ್ತದೆ.

ನಾಪೋಕ್ಲುವಿನವನು, ಈಗ ದುಬೈ

ಒಂದು ಸಣ್ಣ ಸಲಹೆ. ಅತಿಥಿಗಳಿಗೆ ಬೇಕಾಗುವುದು ಹತ್ತರಲ್ಲಿ ಒಂಬತ್ತು ಸಲ ಚಾರ್ಜಿಂಗ್ ಮಾತ್ರ. ಇಲ್ಲಿನ ಹೋಟೆಲುಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ಯುಎಸ್‌ಬಿ-ಸಿ ಕಿಂಡಿ ಕೊಟ್ಟಿರುತ್ತಾರೆ. 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಮಾರುವ ಹೊಸ ಮೊಬೈಲ್‌ಗಳಿಗೆಲ್ಲ ಅದೇ ಕಿಂಡಿ ಕಡ್ಡಾಯವಾಗಿದೆ. ಗೋಡೆಯಲ್ಲಿ ಆಗದ ಒಮ್ಮತ ಮೊಬೈಲಿನಲ್ಲಿ ಆಗಿರುವಾಗ ಅದನ್ನೇ ಬಳಸಿಕೊಳ್ಳಬಹುದಲ್ಲವೇ?

ಕಕ್ಕಬ್ಬೆಯ ಹೋಂಸ್ಟೇಯವನು

ಎಲ್ಲರಿಗೂ ಋಣಿ. ನಿನ್ನೆ ಕುಶಾಲನಗರದ ಅಣ್ಣ ಮಳೆಯಲ್ಲೇ ಮನೆಗೆ ಬಂದು ನೋಡಿಹೋದರು. ಈಗ ಗೊತ್ತುಮಾಡಿರುವುದು ಹೀಗೆ: ಯೂನಿವರ್ಸಲ್ ಸಾಕೆಟ್ ಬೇಡ. ಪ್ರತಿ ಕೋಣೆಗೂ ಹಾಸಿಗೆಯ ಎರಡು ಬದಿಗೆ ಐಎಸ್‌ಐ ಗುರುತಿನ, ಒಳಮುಚ್ಚಳವಿರುವ 6 ಆಂಪ್ ಸಾಕೆಟ್, ಜೊತೆಗೆ ಯುಎಸ್‌ಬಿ-ಸಿ ಕಿಂಡಿ. ಕೆಟಲ್ಲಿಗೆಂದು ಮೇಜಿನ ಬಳಿ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ ಇರುವ ಒಂದು 16 ಆಂಪ್ ಸಾಕೆಟ್. ಲಂಡನ್ ಕೆಟಲ್ಲಿಗೆ ದೊಡ್ಡ ತ್ರೀಪಿನ್ ಹಾಕಿಸಿ ಅಡುಗೆಮನೆಯಲ್ಲೇ ಇಟ್ಟುಕೊಳ್ಳುತ್ತೇವೆ. ಕೂದಲು ಒಣಗಿಸುವ ಯಂತ್ರ ಕೇಳುವವರಿಗೆ ನಮ್ಮದೇ ಒಂದನ್ನು ಕೊಡುತ್ತೇವೆ.

ಎರಡೂ ಅಳತೆಯ ಪಿನ್ನು ಹಿಡಿಯುವ 6/16 ಆಂಪ್ ಸಾಕೆಟ್‌ಗಳು ಸಿಗುತ್ತವೆಯಲ್ಲ, ಎಲ್ಲ ಕಡೆಗೂ ಅದನ್ನೇ ಹಾಕಿದರೆ ಹೇಗೆ ಎಂಬುದೊಂದೇ ಈಗ ಉಳಿದ ಪ್ರಶ್ನೆ.

ಮಡಿಕೇರಿಯ ನಿವೃತ್ತ ಉಪನ್ಯಾಸಕ

ಪವರ್ ಸಾಕೆಟ್ಟಿನ ಜಾಗದಲ್ಲಿ ಮಾತ್ರ ಹಾಕಿ. ಎಲ್ಲೆಡೆ ಹಾಕಿದರೆ ಮೇಜಿನ ದೀಪದ ಸಪೂರ ವೈರಿಗೆ 16 ಆಂಪಿಯರ್‌ನ ಎಂಸಿಬಿಯೊಂದೇ ಕಾವಲು ಎಂದಾಗುತ್ತದೆ. ಇಂಗ್ಲೆಂಡಿನವರು ಪ್ಲಗ್‌ನೊಳಗೆ ಫ್ಯೂಸ್ ಇಟ್ಟದ್ದು ಇದೇ ಚಿಂತೆಯಿಂದ, ನಮ್ಮ ಪ್ಲಗ್‌ನಲ್ಲಿ ಅದಿಲ್ಲ. ಮತ್ತು ಕರೆಂಟು ಸೋರಿದರೆ ತಟ್ಟನೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚನ್ನು ಮರೆಯಬೇಡಿ. ಅರ್ಥಿಂಗ್ ಗುಂಡಿಯ ರೋಧದ ಅಳತೆಯನ್ನು ಈ ಮಳೆಯಲ್ಲಿ ತೆಗೆದರೆ ಎಲ್ಲ ಗುಂಡಿಯೂ ಪಾಸಾಗುತ್ತದೆ. ಮಾರ್ಚಿನಲ್ಲಿ, ಕಾಫಿ ಹೂವಿನ ಮಳೆ ಬೀಳುವ ಮೊದಲು, ಮಣ್ಣು ಒಣಗಿರುವಾಗ ಇನ್ನೊಮ್ಮೆ ತೆಗೆಸಿ.

ಕುಶಾಲನಗರದ ವೈರಿಂಗ್ ಕೆಲಸದವನು

ಮಾರ್ಚಿಗೆ ಅರ್ಥ್ ಟೆಸ್ಟರ್ ಹಿಡಿದು ನಾನೇ ಬರುತ್ತೇನೆ. ಅಣ್ಣ, ಆ ಕರಗಿದ ಸಾಕೆಟ್ ಮತ್ತು ಅಡಾಪ್ಟರ್ ಎಸೆಯಬೇಡಿ, ನನಗೆ ಕೊಡಿ. ಕೆಲಸ ಕಲಿಯುವ ಹುಡುಗರಿಗೆ ತೋರಿಸಲು ಬೇಕು.